ಇಂಗ್ಲಿಷ್ ಮೀಡಿಯಂನಲ್ಲೇ ಓದಿದ ಮಗಳಿಗೆ ಇ.ಎಲ್.ಡಿ. ಕ್ಲಾಸ್ ಯಾಕೆ? ಫಾರಿನ್ ಲ್ಯಾಂಗ್ವೇಜ್ ಯಾವುದು ತಗೊಳ್ಳಲಿ?

ಪ್ರಶ್ನೆ: ನಾವು ಶಿವಮೊಗ್ಗದವರು. ಯಜಮಾನರಿಗೆ ಕಂಪನಿಯಿಂದ ವರ್ಗವಾಗಿ ಈ ಆಗಸ್ಟ್‌ನಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ ಹತ್ತಿರ ಬಂದಿದ್ದೇವೆ. ಮಗಳು ಊರಲ್ಲಿ ರಾಜ್ಯ ಪಠ್ಯಕ್ರಮದ ಇಂಗ್ಲಿಷ್ ಮೀಡಿಯಂನಲ್ಲಿ ಎಂಟನೇ ಕ್ಲಾಸ್ ಮುಗಿಸಿದ್ದಾಳೆ. ಕನ್ನಡ ಪ್ರಥಮ ಭಾಷೆ, ಇಂಗ್ಲಿಷ್ ದ್ವಿತೀಯ, ಹಿಂದಿ ತೃತೀಯ. ಇಂಗ್ಲಿಷ್‌ನಲ್ಲಿ ಯಾವಾಗಲೂ ತೊಂಬತ್ತರ ಮೇಲೆ. ಇಲ್ಲಿ ಒಂಬತ್ತನೇ ಕ್ಲಾಸಿಗೆ ಸೇರಿಸಿದಾಗ ಒಂದು ಟೆಸ್ಟ್ ಮಾಡಿ, ಇವಳಿಗೆ ಇಂಗ್ಲಿಷ್ ಸಾಲದು ಎಂದು ಇ.ಎಲ್.ಡಿ. (ಇಂಗ್ಲಿಷ್ ಲ್ಯಾಂಗ್ವೇಜ್ ಡೆವಲಪ್‌ಮೆಂಟ್, ಇಂಗ್ಲಿಷ್ ಇನ್ನೂ ಕಲಿಯುತ್ತಿರುವ ಮಕ್ಕಳ) ಕ್ಲಾಸಿಗೆ ಹಾಕಿದ್ದಾರೆ. ಮನೆಗೆ ಬಂದು ಅತ್ತಳು. ಜೊತೆಗೆ ಒಂದು ಫಾರಿನ್ ಲ್ಯಾಂಗ್ವೇಜ್ ಆರಿಸಿ ಅನ್ನುತ್ತಾರೆ: ಸ್ಪ್ಯಾನಿಷ್, ಫ್ರೆಂಚ್, ಮ್ಯಾಂಡರಿನ್ ಇವೆ. ಇಷ್ಟು ವರ್ಷ ಓದಿದ ಕನ್ನಡ ಲೆಕ್ಕಕ್ಕೇ ಇಲ್ಲವಾ? ಮನೆಯಲ್ಲಿ ಇನ್ನು ಇಂಗ್ಲಿಷೇ ಮಾತಾಡಿ ಎಂದು ಪರಿಚಯದವರು ಹೇಳುತ್ತಿದ್ದಾರೆ. ಇ.ಎಲ್.ಡಿ. ಬೇಡ ಎಂದು ಬರೆದು ಕೊಟ್ಟುಬಿಡಲಾ?

ಉತ್ತರ:

ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಈಗಲೇ ಏನೂ ಬರೆದು ಕೊಡಬೇಡಿ. ಇವತ್ತು ಸಂಜೆ ಮಗಳ ಟೈಮ್‌ಟೇಬಲ್ ತೆಗೆದು ಒಂದೇ ಒಂದು ವಿಷಯ ನೋಡಿ. ಇ.ಎಲ್.ಡಿ. ಜೊತೆಗೆ ‘ಇಂಗ್ಲಿಷ್ 9’ ಅಂತ, ಅಂದರೆ ಒಂಬತ್ತನೇ ಕ್ಲಾಸಿನ ಸಾಮಾನ್ಯ ಇಂಗ್ಲಿಷ್ ವಿಷಯದ, ಇನ್ನೊಂದು ಕ್ಲಾಸ್ ಇದೆಯಾ? ಅಥವಾ ಇಂಗ್ಲಿಷ್ 9ರ ಜಾಗದಲ್ಲೇ ಇ.ಎಲ್.ಡಿ. ಕೂತಿದೆಯಾ? ಎರಡೂ ಇದ್ದರೆ ನೀವು ಹೆದರುವಂಥದ್ದು ಏನೂ ಆಗಿಲ್ಲ. ಇಂಗ್ಲಿಷ್ 9 ಇಲ್ಲದಿದ್ದರೆ ನಾಳೆಯೇ ಶಾಲೆಯ ಕೌನ್ಸೆಲರ್‌ಗೆ (ಮಕ್ಕಳ ಕ್ಲಾಸ್ ಆಯ್ಕೆ ನೋಡಿಕೊಳ್ಳುವವರಿಗೆ) ಇಮೇಲ್ ಹಾಕಿ. ಯಾಕೆ ಎನ್ನುವುದನ್ನು ಮುಂದೆ ಹೇಳುತ್ತೇನೆ.

ಮೊದಲು ಈ ಟೆಸ್ಟ್ ಎಲ್ಲಿಂದ ಬಂತು ನೋಡೋಣ. ಶಾಲೆಗೆ ಸೇರಿಸುವಾಗ ನೀವು ತುಂಬಿದ ಕಾಗದಗಳಲ್ಲಿ ಮನೆಭಾಷೆಯ ಬಗ್ಗೆ ನಾಲ್ಕು ಪ್ರಶ್ನೆ ಇದ್ದವು. ಮಗು ಮೊದಲು ಮಾತಾಡಿದ ಭಾಷೆ ಯಾವುದು, ಮನೆಯಲ್ಲಿ ಜಾಸ್ತಿ ಯಾವ ಭಾಷೆ ಮಾತಾಡುತ್ತದೆ, ನೀವು ಮಗುವಿನ ಜೊತೆ ಯಾವ ಭಾಷೆ ಬಳಸುತ್ತೀರಿ, ಮನೆಯ ದೊಡ್ಡವರು ಯಾವುದು ಮಾತಾಡುತ್ತಾರೆ. ಮೊದಲ ಮೂರರಲ್ಲಿ ಯಾವುದಕ್ಕೆ ‘ಕನ್ನಡ’ ಎಂದು ಬರೆದರೂ ‘ಎಲ್ಪ್ಯಾಕ್’ ಎಂಬ, ಇಂಗ್ಲಿಷ್ ಮಟ್ಟ ಅಳೆಯುವ ಪರೀಕ್ಷೆ ಮಾಡಬೇಕು ಎಂದು ರಾಜ್ಯದ ನಿಯಮ ಇದೆ. ಸೇರಿದ 30 ದಿನದೊಳಗೆ ಮಾಡಬೇಕು. ನಿಮ್ಮ ಮಗಳ ಮಾರ್ಕ್ಸ್ ಕಾರ್ಡ್ ನೋಡಿ ಅನುಮಾನಪಟ್ಟು ಮಾಡಿದ್ದಲ್ಲ. ನೀವು ಸತ್ಯ ಬರೆದಿರಿ, ಅದಕ್ಕೇ ಟೆಸ್ಟ್ ಬಂತು. ಕೆಲವರು ಈ ಟೆಸ್ಟ್ ತಪ್ಪಿಸಲು ಅಲ್ಲಿ ‘ಇಂಗ್ಲಿಷ್’ ಎಂದು ಬರೆಯುತ್ತಾರೆ. ನೀವು ಹಾಗೆ ಮಾಡದಿದ್ದದ್ದು ಒಳ್ಳೆಯದಾಯಿತು. ಹಾಗೆ ಬರೆದರೆ ಸಹಾಯ ಬೇಕಾದ ಮಗುವಿಗೆ ಆ ಬಾಗಿಲು ಮುಚ್ಚಿಬಿಡುತ್ತದೆ.

ಇಂಗ್ಲಿಷ್‌ನಲ್ಲಿ ತೊಂಬತ್ತರ ಮೇಲೆ ತೆಗೆಯುವ ಹುಡುಗಿ ಈ ಟೆಸ್ಟ್‌ನಲ್ಲಿ ಎಡವಿದ್ದು ಹೇಗೆ? ಪರೀಕ್ಷೆಯಲ್ಲಿ ಕೇಳುವುದು, ಮಾತಾಡುವುದು, ಓದುವುದು, ಬರೆಯುವುದು ಎಂದು ನಾಲ್ಕು ಭಾಗ. ಮಾತಿನ ಭಾಗದಲ್ಲಿ ಒಂದು ಚಿತ್ರ ತೋರಿಸಿ ಅದರ ಬಗ್ಗೆ ಕೇಳುತ್ತಾರೆ. ಒಂದು ಅಭಿಪ್ರಾಯ ಕೇಳಿ, ಅದಕ್ಕೆ ಕಾರಣ ಕೊಡು ಎನ್ನುತ್ತಾರೆ. ಒಂದು ಪಾಠ ಕೇಳಿಸಿ, ಅದರ ಸಾರವನ್ನು ನಿನ್ನ ಮಾತಲ್ಲಿ ಹೇಳು ಎನ್ನುತ್ತಾರೆ. ನಮ್ಮ ಊರಿನ ಕ್ಲಾಸ್‌ರೂಮ್‌ನಲ್ಲಿ ಮೇಷ್ಟ್ರು ಕೇಳಿದ್ದಕ್ಕೆ ಒಂದು ಪದದಲ್ಲಿ ಉತ್ತರ ಕೊಟ್ಟು ಕೂತುಕೊಂಡವರೇ ಜಾಣರು. ಇಲ್ಲಿ ಅದೇ ಒಂದು ಪದಕ್ಕೆ ಕಡಿಮೆ ಅಂಕ. ಅದರ ಮೇಲೆ ಹೊಸ ದೇಶ, ಹೊಸ ಉಚ್ಚಾರ, ಎದುರಿಗೆ ಗುರುತಿಲ್ಲದ ಟೀಚರ್. ಎಷ್ಟೋ ಮಕ್ಕಳು ಗೊತ್ತಿದ್ದದ್ದನ್ನೂ ಹೇಳದೆ ಸುಮ್ನೆ ಕೂತುಬಿಡುತ್ತಾರೆ. ಮಗಳಿಗೆ ಇದನ್ನು ಬಿಡಿಸಿ ಹೇಳಿ. ಅವಳ ಬುದ್ಧಿಗೆ ಯಾರೂ ಮಾರ್ಕ್ಸ್ ಹಾಕಿಲ್ಲ ಎಂದು ಅವಳಿಗೆ ತಿಳಿಯಬೇಕು.

ಈ ವ್ಯವಸ್ಥೆಗೆ ಒಂದು ಹಿನ್ನೆಲೆ ಇದೆ. ನಿಮ್ಮಿಂದ ಒಂದು ಗಂಟೆ ದೂರದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಚೀನೀ ಮೂಲದ ಸುಮಾರು 1,800 ಮಕ್ಕಳು ಇಂಗ್ಲಿಷ್ ಬಾರದೆ, ಯಾವ ಸಹಾಯವೂ ಇಲ್ಲದೆ ಕ್ಲಾಸಲ್ಲಿ ಕೂರುತ್ತಿದ್ದರು. ಅವರ ಪರವಾಗಿ ಹೂಡಿದ ಮೊಕದ್ದಮೆ ಅಮೆರಿಕದ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. 1974ರಲ್ಲಿ ಲಾವ್ ವಿರುದ್ಧ ನಿಕೋಲ್ಸ್ ಪ್ರಕರಣದಲ್ಲಿ ತೀರ್ಪು ಬಂತು. ಎಲ್ಲರಿಗೂ ಒಂದೇ ಪುಸ್ತಕ, ಒಬ್ಬರೇ ಟೀಚರ್ ಕೊಟ್ಟ ಮಾತ್ರಕ್ಕೆ ಸಮಾನತೆ ಆಗುವುದಿಲ್ಲ, ಪಾಠವೇ ಅರ್ಥವಾಗದ ಮಗುವಿಗೆ ಅದರಿಂದ ಏನೂ ಸಿಗುವುದಿಲ್ಲ ಎಂದು ಕೋರ್ಟ್ ಹೇಳಿತು. ಇವತ್ತು ನಿಮ್ಮ ಮಗಳಿಗೆ ಖರ್ಚಿಲ್ಲದೆ ಸಿಗುತ್ತಿರುವ ಆ ಒಂದು ಪೀರಿಯಡ್ ಹೀಗೆ ಹೋರಾಡಿ ಪಡೆದದ್ದು. ನಾನು ಅದನ್ನು ತುಂಬಾ ಗೌರವದಿಂದ ನೋಡುತ್ತೇನೆ. ನೀವೂ ಹಾಗೆ ನೋಡಿದರೆ ಮಗಳ ಅಳು ಅರ್ಧ ನಿಲ್ಲುತ್ತದೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ನಿಮ್ಮ ಮಗಳಿಗೆ ನಿಜವಾಗಿ ಕಷ್ಟವಾಗುವುದು ಗ್ರಾಮರ್ ಅಲ್ಲ, ಸ್ಪೆಲಿಂಗ್ ಅಂತೂ ಅಲ್ಲವೇ ಅಲ್ಲ. ಅವೆರಡರಲ್ಲಿ ಅವಳು ಕ್ಲಾಸಿನ ಅನೇಕರಿಗಿಂತ ಮುಂದಿರಬಹುದು. ಕಷ್ಟ ಇರುವುದು ಇಂಗ್ಲಿಷ್ 9ರಲ್ಲಿ ಉತ್ತರ ಬರೆಯುವ ರೀತಿಯಲ್ಲಿ.

ಒಂದು ಉದಾಹರಣೆ ಕೊಡುತ್ತೇನೆ. ಒಂದು ಕಥೆಯಲ್ಲಿ ಮುದುಕನೊಬ್ಬ ತನ್ನ ಹೊಲ ಮಾರಲು ಒಪ್ಪುವುದಿಲ್ಲ ಎಂದಿಟ್ಟುಕೊಳ್ಳಿ. ‘ಯಾಕೆ ಒಪ್ಪಲಿಲ್ಲ?’ ಎಂದು ಪ್ರಶ್ನೆ. ನಮ್ಮ ಮಕ್ಕಳು ಕಥೆಯನ್ನು ಮೊದಲಿಂದ ಹೇಳುತ್ತಾರೆ. ಒಂದಾನೊಂದು ಊರು, ಅಲ್ಲೊಬ್ಬ ಮುದುಕ, ಪಟ್ಟಣದಿಂದ ಬಂದ ಮಗ, ಜಗಳ. ಕೊನೆಗೆ ‘ಭೂಮಿಯೇ ನಮ್ಮ ತಾಯಿ’ ಎಂದು ನೀತಿ ಹೇಳಿ ಮುಗಿಸುತ್ತಾರೆ. ಅಕ್ಷರ ದುಂಡಗಿದ್ದು ತಪ್ಪಿಲ್ಲದಿದ್ದರೆ ಊರಲ್ಲಿ ಪೂರ್ತಿ ಅಂಕ. ಇಲ್ಲಿ ಅದೇ ಉತ್ತರದ ಪಕ್ಕದಲ್ಲಿ ಟೀಚರ್ ‘ಇದು ಬರೀ ಕಥೆಯ ಸಾರಾಂಶ’ ಎಂದು ಬರೆದು ಸಿ ಗ್ರೇಡ್ ಕೊಡುತ್ತಾರೆ.

ಅವರಿಗೆ ಬೇಕಾದದ್ದು ಬೇರೆ. ಮೊದಲು ಒಂದು ವಾಕ್ಯದಲ್ಲಿ ನಿನ್ನ ವಾದ ಹೇಳು: ಹೊಲ ಹೋಗುವುದಕ್ಕಿಂತ ಮಗನ ಮುಂದೆ ಸೋಲುವುದೇ ಮುದುಕನಿಗೆ ಜಾಸ್ತಿ ಕಷ್ಟ. ಆಮೇಲೆ ಕಥೆಯಿಂದಲೇ ಒಂದು ಸಾಲು ಎತ್ತಿ, ಉದ್ಧರಣ ಚಿಹ್ನೆಯೊಳಗೆ ಹಾಕಿ, ಪುಟ ಸಂಖ್ಯೆ ಕೊಡು. ಮಗ ಬಂದಾಗ ಮುದುಕ ಜಗಲಿಯಿಂದ ಏಳಲೇ ಇಲ್ಲ ಎಂಬ ಸಾಲು ಅಂದುಕೊಳ್ಳಿ. ಆಮೇಲೆ ಆ ಸಾಲು ನಿನ್ನ ವಾದವನ್ನು ಹೇಗೆ ತೋರಿಸುತ್ತದೆ ಎಂದು ಎರಡು ಮೂರು ವಾಕ್ಯ ಬರಿ. ಆ ಹೊತ್ತಲ್ಲಿ ಹೊಲದ ಮಾತೇ ಎದ್ದಿರಲಿಲ್ಲ, ಆದರೂ ಅವನು ಏಳಲಿಲ್ಲ, ಅಂದರೆ ಸಿಟ್ಟು ಮೊದಲೇ ಇತ್ತು. ಇಷ್ಟೇ. ಅಂಕ ಇರುವುದು ಈ ಕೊನೆಯ ಭಾಗಕ್ಕೆ. ಟೀಚರ್ ಒಪ್ಪದ ವಾದ ಬರೆದರೂ ಪರವಾಗಿಲ್ಲ. ಕಥೆಯಲ್ಲಿ ಆಧಾರ ಇರಬೇಕು, ಅಷ್ಟೇ. ಊರಲ್ಲಿ ಟೀಚರ್ ಹೇಳಿದ ಉತ್ತರವನ್ನೇ ಬರೆದು ಅಭ್ಯಾಸವಾದ ಮಗುವಿಗೆ ಈ ಸ್ವಾತಂತ್ರ್ಯವೇ ಮೊದಲು ದಿಗಿಲು ಹುಟ್ಟಿಸುತ್ತದೆ.

ಇನ್ನೊಂದು ಮಾತು, ಇದನ್ನು ಮಗಳಿಗೆ ಈ ವಾರವೇ ಹೇಳಿ. ಗೈಡ್‌ನಿಂದ ಬಾಯಿಪಾಠ ಮಾಡಿ ಬರೆಯುವುದು ನಮ್ಮಲ್ಲಿ ಶ್ರಮ ಎನಿಸಿಕೊಳ್ಳುತ್ತದೆ. ಇಲ್ಲಿ ಇಂಟರ್‌ನೆಟ್‌ನಿಂದ ಎರಡು ವಾಕ್ಯ ತೆಗೆದು ಮೂಲ ಹೇಳದೆ ಬರೆದರೂ ಅದು ಕಳ್ಳತನ. ಆ ಅಸೈನ್‌ಮೆಂಟ್‌ಗೆ ಸೊನ್ನೆ ಬರಬಹುದು, ಮನೆಗೆ ಪತ್ರವೂ ಬರಬಹುದು. ಏನೂ ಗೊತ್ತಿಲ್ಲದೆ ಮಾಡಿದ ಮಕ್ಕಳು ಇದರಲ್ಲಿ ಸಿಕ್ಕಿಕೊಳ್ಳುವುದನ್ನು ನೋಡಿದರೆ ನನಗೆ ತುಂಬಾ ನೋವಾಗುತ್ತದೆ. ಯಾಕೆಂದರೆ ಯಾರೂ ಅವರಿಗೆ ಮೊದಲೇ ಹೇಳಿರುವುದಿಲ್ಲ.

ಒಳ್ಳೆಯ ಇ.ಎಲ್.ಡಿ. ಟೀಚರ್ ಕಲಿಸುವುದು ಇದನ್ನೇ: ವಾದ ಹೇಗೆ ಹೇಳುವುದು, ಉದ್ಧರಣವನ್ನು ವಾಕ್ಯದೊಳಗೆ ಹೇಗೆ ಕೂರಿಸುವುದು, ಚರ್ಚೆಯಲ್ಲಿ ‘ನಾನು ಒಪ್ಪುವುದಿಲ್ಲ, ಯಾಕೆಂದರೆ’ ಎಂದು ಹೇಗೆ ಬಾಯಿ ಹಾಕುವುದು. ಆ ಕ್ಲಾಸಲ್ಲಿ ಗ್ವಾಟೆಮಾಲಾದವರು, ವಿಯೆಟ್ನಾಂನವರು, ಚೀನಾದವರು ಇರುತ್ತಾರೆ. ತನ್ನ ಹಾಗೆಯೇ ಹೊಸದಾಗಿ ಬಂದವರ ನಡುವೆ ನಿಮ್ಮ ಮಗಳು ಬೇಗ ಬಾಯಿ ಬಿಡುತ್ತಾಳೆ. ಹಾಗಾಗಿ ಮೊದಲ ವರ್ಷ ಆ ಪೀರಿಯಡ್ ಇರಲಿ ಎಂಬುದು ನನ್ನ ಅಭಿಪ್ರಾಯ. ಬೇಡ ಎಂದು ಹೇಳುವ ಹಕ್ಕು ನಿಮಗಿದೆ, ಕೇಂದ್ರ ಕಾನೂನೇ ಕೊಟ್ಟಿದೆ. ಆದರೆ ಬೇಡ ಎಂದರೂ ‘ಇಂಗ್ಲಿಷ್ ಲರ್ನರ್’ ಎಂಬ ಗುರುತು ಹೋಗುವುದಿಲ್ಲ, ಪ್ರತಿ ವರ್ಷದ ಟೆಸ್ಟೂ ತಪ್ಪುವುದಿಲ್ಲ. ಸಹಾಯ ಮಾತ್ರ ಕಮ್ಮಿಯಾಗುತ್ತದೆ.

ಹಾಗಾದರೆ ಇಂಗ್ಲಿಷ್ 9 ಯಾಕೆ ಇರಲೇಬೇಕು? ಕಾಲೇಜಿನ ಲೆಕ್ಕಕ್ಕಾಗಿ. ಹೈಸ್ಕೂಲ್ ಪಾಸಾಗಲು ಕ್ಯಾಲಿಫೋರ್ನಿಯಾ ರಾಜ್ಯ ಕೇಳುವುದು 3 ವರ್ಷದ ಇಂಗ್ಲಿಷ್. ಆದರೆ ಬರ್ಕ್ಲಿ, ಲಾಸ್ ಏಂಜಲೀಸ್ ಎಲ್ಲ ಸೇರಿದ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾಗೆ 4 ವರ್ಷ ಬೇಕು. ಆ ನಾಲ್ಕರಲ್ಲಿ ಇ.ಎಲ್.ಡಿ. ಎಂದು ಲೆಕ್ಕಕ್ಕೆ ಹಿಡಿಯುವುದು ಹೆಚ್ಚೆಂದರೆ 1 ವರ್ಷ. ಅದೂ ಆ ಕ್ಲಾಸ್ ಯೂನಿವರ್ಸಿಟಿ ಒಪ್ಪಿದ ಪಟ್ಟಿಯಲ್ಲಿದ್ದರೆ ಮಾತ್ರ. ಎರಡು ವರ್ಷ ಬರೀ ಇ.ಎಲ್.ಡಿ.ಯಲ್ಲೇ ಕಳೆದ ಮಗು ಹನ್ನೆರಡನೇ ಕ್ಲಾಸಿಗೆ ಬಂದಾಗ ಒಂದು ವರ್ಷದ ಇಂಗ್ಲಿಷ್ ಕೊರತೆ ಬೀಳುತ್ತದೆ. ಅದನ್ನು ಬೇಸಿಗೆ ರಜೆಯಲ್ಲಿ ತುಂಬಬೇಕು. ಇಂಗ್ಲಿಷ್ ಕಲಿಯುವ ಮಕ್ಕಳನ್ನು ಮುಖ್ಯ ವಿಷಯಗಳಿಂದ, ಕಾಲೇಜಿಗೆ ಬೇಕಾದ ಕೋರ್ಸುಗಳಿಂದ ಹೊರಗಿಡಬಾರದು ಎಂದು ಈ ರಾಜ್ಯದಲ್ಲಿ 2018ರಲ್ಲಿ ಕಾನೂನೇ ಆಗಿದೆ. ಹೊಸದಾಗಿ ಬಂದವರಿಗೆ ಕೆಲವು ವಿನಾಯಿತಿ ಇವೆ. ಆದರೂ ಕೌನ್ಸೆಲರ್ ಹತ್ತಿರ ಕೇಳಲು ಸಂಕೋಚ ಬೇಡ. ‘ಇ.ಎಲ್.ಡಿ. ಇರಲಿ, ಜೊತೆಗೆ ಇಂಗ್ಲಿಷ್ 9 ಕೊಡಿ’ ಎಂದು ಕೇಳಿದರೆ ಅದು ಜಗಳವಲ್ಲ. ಇಲ್ಲಿ ಅಪ್ಪ ಅಮ್ಮ ಹೀಗೆ ಕೇಳುವುದು ದಿನದ ಮಾತು.

ಈ ಗುರುತು ಶಾಶ್ವತವೂ ಅಲ್ಲ. ಪ್ರತಿ ವರ್ಷ ಫೆಬ್ರವರಿಯಿಂದ ಮೇ ಒಳಗೆ ಎಲ್ಪ್ಯಾಕ್ ಇನ್ನೊಮ್ಮೆ ನಡೆಯುತ್ತದೆ. ಅದರಲ್ಲಿ 1ರಿಂದ 4ರವರೆಗೆ ಮಟ್ಟ ಇವೆ. 4 ಬಂದರೆ, ಟೀಚರ್ ಅಭಿಪ್ರಾಯ, ನಿಮ್ಮ ಅಭಿಪ್ರಾಯ, ಓದು ಬರಹದ ಇನ್ನೊಂದು ಅಳತೆ ಇವನ್ನೂ ಸೇರಿಸಿ ನೋಡಿ ಇ.ಎಲ್.ಡಿ.ಯಿಂದ ಹೊರಗೆ ತರುತ್ತಾರೆ. ಆಮೇಲೂ 4 ವರ್ಷ ಮಗುವಿನ ಪ್ರಗತಿ ಗಮನಿಸುತ್ತಾರೆ. ಓದು ಬರಹ ಗಟ್ಟಿ ಇರುವ ನಿಮ್ಮ ಮಗಳಿಗೆ ಮಾತಿನ ಭಾಗಕ್ಕೆ ತಯಾರಿ ಸಾಕು. ದಿನಾ ರಾತ್ರಿ ಊಟದ ಹೊತ್ತಲ್ಲಿ ಕ್ಲಾಸಿನ ಒಂದು ಪಾಠ ಹೇಳು ಎನ್ನಿ. ಮೊದಲು ಕನ್ನಡದಲ್ಲಿ, ಆಮೇಲೆ ಇಂಗ್ಲಿಷ್‌ನಲ್ಲಿ. ನಡುವೆ ನಿಂತರೆ ‘ಯಾಕೆ?’ ಎಂದು ಕೇಳಿ. ಅಷ್ಟೇ ಸಾಕು, ಟ್ಯೂಷನ್ ಬೇಕಿಲ್ಲ.

ಇನ್ನು ಫಾರಿನ್ ಲ್ಯಾಂಗ್ವೇಜ್. ಯೂನಿವರ್ಸಿಟಿ ಕೇಳುವುದು ಇಂಗ್ಲಿಷ್ ಬಿಟ್ಟು ಬೇರೆ ಒಂದು ಭಾಷೆಯಲ್ಲಿ 2 ವರ್ಷ. 3 ವರ್ಷ ಇದ್ದರೆ ಒಳ್ಳೆಯದು ಎನ್ನುತ್ತಾರೆ. ಇಲ್ಲಿ ವರ್ಷ ಎಂದರೆ ಮುಟ್ಟಿದ ಮಟ್ಟ ಎಂದು ಅರ್ಥ. ಒಂದೇ ಭಾಷೆಯಲ್ಲಿ ಮುಂದುವರಿಯಬೇಕು. ಈ ವರ್ಷ ಸ್ಪ್ಯಾನಿಷ್, ಮುಂದಿನ ವರ್ಷ ಫ್ರೆಂಚ್ ಎಂದು ಬದಲಾಯಿಸಿದರೆ ಎರಡು ವರ್ಷ ಆಗುವುದಿಲ್ಲ.

ನನ್ನನ್ನು ಕೇಳಿದರೆ ಸ್ಪ್ಯಾನಿಷ್ ತಗೊಳ್ಳಿ. ಎಲ್ಲರೂ ತಗೊಳ್ಳುತ್ತಾರೆ ಎಂದಲ್ಲ, ಕನ್ನಡದ ಮಗುವಿಗೆ ಅದು ಬೇಗ ಒಗ್ಗುತ್ತದೆ ಎಂದು. ಅದರ ಸ್ವರಗಳು ಅ, ಎ, ಇ, ಒ, ಉ, ಐದೇ. ಬರೆದ ಹಾಗೆ ಓದುವ ಭಾಷೆ. ಅದರ ತ, ದ ನಮ್ಮ ತ, ದದ ಹಾಗೆಯೇ ಹಲ್ಲಿಗೆ ತಾಗುತ್ತವೆ. ಇಂಗ್ಲಿಷ್ ಮಾತಾಡಿ ಬೆಳೆದ ಮಕ್ಕಳಿಗೆ ಇದು ಬರಲು ಸಮಯ ಬೇಕು. ಕ್ರಿಯಾಪದದ ಕೊನೆ ನೋಡಿದರೆ ಯಾರು ಮಾಡಿದ್ದು ಎಂದು ಗೊತ್ತಾಗುತ್ತದೆ, ‘ಮಾತಾಡುತ್ತೇನೆ’, ‘ಮಾತಾಡುತ್ತೀಯ’ ಇದ್ದಂತೆ ‘ಆಬ್ಲೊ’, ‘ಆಬ್ಲಾಸ್’. ಅದಕ್ಕೇ ನಾನು, ನೀನು ಎಂದು ಬೇರೆ ಹೇಳಬೇಕಿಲ್ಲ. ‘ನೀನು’, ‘ನೀವು’ ಎಂಬ ಭೇದ ಅಲ್ಲೂ ಇದೆ. ಇಂಗ್ಲಿಷ್ ಮಕ್ಕಳು ತಿಂಗಳುಗಟ್ಟಲೆ ಒದ್ದಾಡುವ ‘ಮೆ ಗುಸ್ತಾ’ ಎಂಬ ರಚನೆ ನಮ್ಮ ‘ನನಗೆ ಇಷ್ಟ’ ಇದ್ದ ಹಾಗೇ ಇದೆ. ನಿಮ್ಮ ಮಗಳಿಗೆ ಅದು ಮೊದಲ ದಿನವೇ ಹಿಡಿಯುತ್ತದೆ.

ಕಷ್ಟ ಇಲ್ಲ ಎಂದಲ್ಲ. ವಸ್ತುಗಳಿಗೂ ಗಂಡು ಹೆಣ್ಣು ಎಂದು ಲಿಂಗ ಇದೆ. ಕನ್ನಡದಲ್ಲಿ ಆ ತಾಪತ್ರಯ ಇಲ್ಲ. ಆದರೆ ತೃತೀಯ ಭಾಷೆಯಾಗಿ ಓದಿದ ಹಿಂದಿ ಇಲ್ಲಿ ಕೈ ಹಿಡಿಯುತ್ತದೆ. ಯಾವ ಪದ ಯಾವ ಲಿಂಗ ಎಂಬುದು ಎರಡರಲ್ಲೂ ಒಂದೇ ಆಗಿರುವುದಿಲ್ಲ. ಮೇಜು ಎರಡರಲ್ಲೂ ಸ್ತ್ರೀಲಿಂಗ, ಪುಸ್ತಕ ಹಿಂದಿಯ ‘ಕಿತಾಬ್’ನಲ್ಲಿ ಸ್ತ್ರೀಲಿಂಗ, ಸ್ಪ್ಯಾನಿಷ್‌ನಲ್ಲಿ ಪುಲ್ಲಿಂಗ. ಆದರೆ ಪದದ ಜೊತೆ ಲಿಂಗವನ್ನೂ ನೆನಪಿಡಬೇಕು ಎಂಬ ಅಭ್ಯಾಸ ಅವಳಿಗೆ ಆಗಲೇ ಇದೆ. ಇನ್ನು ಸ್ಯಾನ್ ಹೋಸೆಯಲ್ಲಿ ಸ್ಪ್ಯಾನಿಷ್ ಮಾತಾಡಲು ಜನರನ್ನು ಹುಡುಕಬೇಕಿಲ್ಲ. ಅವಳ ಇ.ಎಲ್.ಡಿ. ಕ್ಲಾಸಿನಲ್ಲೇ ಇರುತ್ತಾರೆ. ಅವರು ಇವಳಿಗೆ ಸ್ಪ್ಯಾನಿಷ್, ಇವಳು ಅವರಿಗೆ ಲೆಕ್ಕ. ಅದರಿಂದ ಒಳ್ಳೆಯ ಗೆಳೆತನವೂ ಆಗುತ್ತದೆ.

ಒಂದು ಎಚ್ಚರಿಕೆ. ಮನೆಯಲ್ಲಿ ಸ್ಪ್ಯಾನಿಷ್ ಮಾತಾಡುವ ಮಕ್ಕಳಿಗೆಂದೇ ಬೇರೆ ಸ್ಪ್ಯಾನಿಷ್ ಕ್ಲಾಸ್ ಇರುತ್ತದೆ. ನಿಮ್ಮದು ‘ಸ್ಪ್ಯಾನಿಷ್ 1’ ಎಂದು ಖಚಿತ ಮಾಡಿಕೊಳ್ಳಿ. ಕೆಲವು ಮಕ್ಕಳು ಏಳು ಎಂಟರಲ್ಲೇ ಶುರು ಮಾಡಿ ಮುಂದೆ ಹೋಗಿರುತ್ತಾರೆ, ಅದಕ್ಕೆ ಬೇಜಾರು ಬೇಡ. ಒಂಬತ್ತರಲ್ಲಿ ಶುರು ಮಾಡಿದರೂ ಹನ್ನೊಂದರ ಹೊತ್ತಿಗೆ ಸ್ಪ್ಯಾನಿಷ್ 3 ಮುಗಿಯುತ್ತದೆ. ಫ್ರೆಂಚ್, ಮ್ಯಾಂಡರಿನ್ ಕೂಡ ಒಳ್ಳೆಯ ಭಾಷೆಗಳೇ. ಮಗಳಿಗೆ ಅದರಲ್ಲೇ ಮನಸ್ಸಿದ್ದರೆ ತಡೆಯಬೇಡಿ. ಆದರೆ ಇಂಗ್ಲಿಷ್‌ಗೆ ಹೆಚ್ಚು ಹೊತ್ತು ಬೇಕಾದ ಈ ವರ್ಷದಲ್ಲಿ ಮ್ಯಾಂಡರಿನ್ ಲಿಪಿಯ ಭಾರ ಹೊರಿಸುವುದು ನನಗೆ ಸರಿ ಕಾಣುವುದಿಲ್ಲ.

ಕನ್ನಡ ಲೆಕ್ಕಕ್ಕಿಲ್ಲವಾ ಎಂದು ಕೇಳಿದಿರಿ. ಇದೆ. ಆದರೆ ನೀವು ಅದನ್ನು ಕಾಗದದ ಮೇಲೆ ತರಬೇಕು, ತಾನಾಗಿ ಯಾರೂ ತರುವುದಿಲ್ಲ. ಇಂಗ್ಲಿಷ್ ಅಲ್ಲದ ಮಾಧ್ಯಮದಲ್ಲಿ ಆರನೇ ಕ್ಲಾಸ್ ಅಥವಾ ಅದರ ಮೇಲಿನ ಕ್ಲಾಸ್‌ಗಳಲ್ಲಿ 2 ವರ್ಷ ಓದಿದ್ದರೆ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ ತನ್ನ ಭಾಷೆಯ ಷರತ್ತು ಪೂರೈಸಿದಂತೆ ಎಂದು ಒಪ್ಪುತ್ತದೆ. ಕನ್ನಡ ಮೀಡಿಯಂನಲ್ಲಿ ಏಳನೇ ಕ್ಲಾಸ್ ಮುಗಿಸಿ ಬಂದ ಮಗುವಿಗೆ ಇದು ದೊಡ್ಡ ಅನುಕೂಲ. ಎಷ್ಟೋ ಅಪ್ಪ ಅಮ್ಮಂದಿರಿಗೆ ಇದು ಗೊತ್ತೇ ಇಲ್ಲ. ನಿಮ್ಮ ಮಗಳದು ಇಂಗ್ಲಿಷ್ ಮೀಡಿಯಂ ಆದ್ದರಿಂದ ಇದು ನೇರವಾಗಿ ಅನ್ವಯಿಸುವುದಿಲ್ಲ. ಆದರೂ ಆರು, ಏಳು, ಎಂಟರ ಮಾರ್ಕ್ಸ್ ಕಾರ್ಡ್‌ಗಳಲ್ಲಿ ಕನ್ನಡ ಪ್ರಥಮ ಭಾಷೆ ಎಂದು ಕಾಣುವ ಪ್ರತಿಗಳನ್ನು ಶಾಲೆಗೆ ಕೊಟ್ಟು ಫೈಲಿಗೆ ಸೇರಿಸಿ ಎನ್ನಿ. ಮೂಲ ಪ್ರತಿ ನಿಮ್ಮ ಹತ್ತಿರವೇ ಇರಲಿ.

ಅವಳಿಗೆ ಸರಿಯಾಗಿ ಹೊಂದುವುದು ಸೀಲ್ ಆಫ್ ಬೈಲಿಟರಸಿ. ಇಂಗ್ಲಿಷ್ ಮತ್ತು ಇನ್ನೊಂದು ಭಾಷೆ, ಎರಡರಲ್ಲೂ ಓದು, ಬರಹ, ಮಾತು ಗಟ್ಟಿ ಇರುವ ಮಕ್ಕಳ ಡಿಪ್ಲೊಮಾ ಮೇಲೆ ಹಾಕುವ ರಾಜ್ಯದ ಮುದ್ರೆ ಇದು. ಇದಕ್ಕೆ ಮೊದಲು ಕಾನೂನು ಮಾಡಿದ ರಾಜ್ಯ ಕ್ಯಾಲಿಫೋರ್ನಿಯಾ, 2011ರಲ್ಲಿ. ಸ್ಪ್ಯಾನಿಷ್, ಫ್ರೆಂಚ್‌ಗೆ ಎ.ಪಿ. (ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್, ಹೈಸ್ಕೂಲಲ್ಲೇ ಬರೆಯುವ ಕಾಲೇಜು ಮಟ್ಟದ) ಪರೀಕ್ಷೆ ಇದೆ, ಕನ್ನಡಕ್ಕೆ ಇಲ್ಲ. ಅಂಥ ಭಾಷೆಗಳಿಗೆ ಬೇರೆ ಪರೀಕ್ಷೆಗಳನ್ನು ಒಪ್ಪುತ್ತಾರೆ. ‘ಸ್ಟ್ಯಾಂಪ್’ ಎಂಬ ಪರೀಕ್ಷೆಯಲ್ಲಿ ಕನ್ನಡವೂ ಇದೆ. ನಿಮ್ಮ ಸ್ಕೂಲ್ ಡಿಸ್ಟ್ರಿಕ್ಟ್ (ಆ ಭಾಗದ ಶಾಲೆಗಳನ್ನು ನಡೆಸುವ ಆಡಳಿತ) ಯಾವುದನ್ನು ಒಪ್ಪುತ್ತದೆ ಎಂದು ಕೌನ್ಸೆಲರ್‌ನ್ನು ಕೇಳಿ. ಪರೀಕ್ಷೆಯಲ್ಲಿ ಬರಹವೂ ಇರುತ್ತದೆ. ಇಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳು ಮಾತು ಚೆನ್ನಾಗಿ ಆಡಿದರೂ ಬರೆಯುವಲ್ಲಿ ಸೋಲುತ್ತಾರೆ. ನಿಮ್ಮ ಮಗಳಿಗೆ ಈಗ ಒತ್ತಕ್ಷರ ಸರಾಗವಾಗಿ ಬರುತ್ತದೆ, ನಾಲ್ಕು ವರ್ಷ ಪೆನ್ನು ಮುಟ್ಟದಿದ್ದರೆ ಮರೆಯುತ್ತದೆ. ವಾರಕ್ಕೊಮ್ಮೆ ಅಜ್ಜಿಗೆ ಒಂದು ಪುಟ ಕನ್ನಡದಲ್ಲಿ ಬರೆದು ಫೋಟೊ ಕಳಿಸಲಿ. ಹತ್ತಿರದ ಕನ್ನಡ ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಅಕ್ಷರ ಕಲಿಸಲು ಹೋದರೆ ಇನ್ನೂ ಒಳ್ಳೆಯದು. ಆ ಸೇವೆಯ ಗಂಟೆಗಳನ್ನು ಕಾಲೇಜು ಅರ್ಜಿಯಲ್ಲೂ ಬರೆಯಬಹುದು.

ಮನೆಯಲ್ಲಿ ಇಂಗ್ಲಿಷೇ ಮಾತಾಡಿ ಎಂದವರ ಮಾತು ಖಂಡಿತ ಕೇಳಬೇಡಿ. ಶಾಲೆಯಲ್ಲಿ ದಿನಕ್ಕೆ ಆರೇಳು ಗಂಟೆ ಅವಳ ಕಿವಿಗೆ ಇಂಗ್ಲಿಷ್ ಬೀಳುತ್ತಿದೆ. ಮನೆಯಲ್ಲಿ ಅವಳಿಗೆ ಬೇಕಾದದ್ದು ಆಳವಾಗಿ ಮಾತಾಡುವ ಜಾಗ. ಕಥೆಯ ಮುದುಕ ಯಾಕೆ ಹೊಲ ಮಾರಲಿಲ್ಲ ಎಂದು ನಿಮ್ಮ ಜೊತೆ ಕನ್ನಡದಲ್ಲಿ ವಾದ ಮಾಡಿದ ಹುಡುಗಿ ಮಾರನೇ ದಿನ ಕ್ಲಾಸಲ್ಲಿ ಅದನ್ನೇ ಇಂಗ್ಲಿಷ್‌ನಲ್ಲಿ ಹೇಳುತ್ತಾಳೆ. ಯೋಚನೆ ಸಿದ್ಧವಿದ್ದರೆ ಪದ ಹುಡುಕುವುದು ಅಷ್ಟು ಕಷ್ಟವಲ್ಲ.

ಕೌನ್ಸೆಲರ್‌ಗೆ ಬರೆಯುವ ಇಮೇಲ್‌ನಲ್ಲಿ ಮೂರೇ ವಿಷಯ ಇರಲಿ. ಇಂಗ್ಲಿಷ್ 9 ಇದೆಯಾ, ಇಲ್ಲದಿದ್ದರೆ ಸೇರಿಸಿ. ಈಗಿನ ಇ.ಎಲ್.ಡಿ. ಕ್ಲಾಸ್ ಯೂನಿವರ್ಸಿಟಿ ಪಟ್ಟಿಯಲ್ಲಿದೆಯಾ. ಕನ್ನಡದಲ್ಲಿ ಸೀಲ್ ಪಡೆಯಲು ನಿಮ್ಮಲ್ಲಿ ಯಾವ ಪರೀಕ್ಷೆ ಒಪ್ಪುತ್ತೀರಿ. ಕ್ಲಾಸ್ ಬದಲಾಯಿಸಲು ಶಾಲೆಗಳು ಸಾಮಾನ್ಯವಾಗಿ ಸೆಮಿಸ್ಟರ್‌ನ ಮೊದಲ ಕೆಲವು ವಾರ ಮಾತ್ರ ಅವಕಾಶ ಕೊಡುತ್ತವೆ. ಹಾಗಾಗಿ ಇದನ್ನು ಈ ವಾರವೇ ಕಳಿಸಿ. ಇಂಗ್ಲಿಷ್‌ನಲ್ಲಿ ಮಾತಾಡಲು ನಿಮಗೆ ಹಿಂಜರಿಕೆ ಇದ್ದರೆ ಕನ್ನಡ ದುಭಾಷಿ ಬೇಕು ಎಂದು ಶಾಲೆಯನ್ನು ಕೇಳಿ. ಅದಕ್ಕೆ ನೀವು ಹಣ ಕೊಡಬೇಕಿಲ್ಲ.